ಹಳೆ ಯಂತ್ರಕ್ಕೆ ಪಿಎಲ್‌ಸಿ: ದುಡ್ಡು ಎಲ್ಲಿ ಸುರಿಯಬೇಕು?

ಮೂವತ್ತು ನಲವತ್ತು ವರ್ಷ ದುಡಿದ ಹೈಡ್ರಾಲಿಕ್ ಪ್ರೆಸ್ಸಿನ ಮೈಕಟ್ಟು ಸಾಮಾನ್ಯವಾಗಿ ಗಟ್ಟಿಯಾಗಿಯೇ ಇರುತ್ತದೆ. ಮೊದಲು ಕೈಕೊಡುವುದು ಅದರ ಪಕ್ಕದ ಕಂಟ್ರೋಲ್ ಪ್ಯಾನೆಲ್. ರಿಲೇಗಳ ಕಾಂಟ್ಯಾಕ್ಟ್ ಸುಟ್ಟಿರುತ್ತದೆ, ಟೈಮರ್‌ಗಳು ಹೊತ್ತು ತಪ್ಪುತ್ತವೆ, ವೈರುಗಳ ಮೇಲಿನ ನಂಬರ್ ಉದುರಿಹೋಗಿ ಯಾವ ವೈರು ಎಲ್ಲಿಗೆ ಎಂಬುದು ಹಳೆಯ ಎಲೆಕ್ಟ್ರಿಷಿಯನ್ ಒಬ್ಬರ ನೆನಪಿನಲ್ಲಷ್ಟೇ ಉಳಿದಿರುತ್ತದೆ. ಪೀಣ್ಯದಲ್ಲಾಗಲಿ, ಬೆಳಗಾವಿಯ ಉದ್ಯಮಬಾಗದಲ್ಲಾಗಲಿ ಇಂಥ ಯಂತ್ರಗಳಿಗೆ ಬರವಿಲ್ಲ. ಹೊಸ ಯಂತ್ರದ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಈ ಪ್ಯಾನೆಲ್ ಕಿತ್ತು ಪಿಎಲ್‌ಸಿ, ಅಂದರೆ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಕೂರಿಸಬಹುದು. ಆದರೆ ಮಾಲೀಕರ ಗಮನವೆಲ್ಲ ಯಾವ ಬ್ರ್ಯಾಂಡಿನ ಪಿಎಲ್‌ಸಿ ಎಂಬುದರ ಮೇಲೆಯೇ ಇರುತ್ತದೆ. ಕೆಲಸ ಗೆಲ್ಲುವುದೂ ಸೋಲುವುದೂ ಬೇರೆ ಕಡೆ.

ಪಿಎಲ್‌ಸಿ ಹುಟ್ಟಿದ್ದೇ ರಿಲೇ ಪ್ಯಾನೆಲ್ಲಿನ ಕಾಟ ತಾಳಲಾರದೆ. ಅಮೆರಿಕದ ಜನರಲ್ ಮೋಟರ್ಸ್ ಕಂಪನಿಯಲ್ಲಿ ಕಾರಿನ ಮಾದರಿ ಬದಲಾದಾಗಲೆಲ್ಲ ಪ್ಯಾನೆಲ್‌ಗಳ ವೈರಿಂಗನ್ನು ಹೊಸದಾಗಿ ಮಾಡಬೇಕಿತ್ತು. ಅದರ ಹೈಡ್ರಾಮ್ಯಾಟಿಕ್ ವಿಭಾಗ 1968ರಲ್ಲಿ ಇದಕ್ಕೊಂದು ಪರ್ಯಾಯ ಕೇಳಿತು. ಡಿಕ್ ಮಾರ್ಲಿ ಮತ್ತು ಸಂಗಡಿಗರು ಕಟ್ಟಿಕೊಟ್ಟ ಉಪಕರಣ ‘ಮಾಡಿಕಾನ್ 084’. ಅವರ ಸಂಸ್ಥೆಯ 84ನೇ ಯೋಜನೆಯಾದ್ದರಿಂದ ಆ ಸಂಖ್ಯೆ. ರಿಲೇ ಸರ್ಕಿಟ್ ಓದಬಲ್ಲ ಎಲೆಕ್ಟ್ರಿಷಿಯನ್ನಿಗೆ ಪ್ರೋಗ್ರಾಮೂ ಅರ್ಥವಾಗಲೆಂದು ಏಣಿಯಾಕಾರದ ಲ್ಯಾಡರ್ ಚಿತ್ರವನ್ನೇ ಅದರ ಭಾಷೆಯಾಗಿ ಉಳಿಸಿಕೊಳ್ಳಲಾಯಿತು. ಐದು ದಶಕ ಕಳೆದರೂ ಲ್ಯಾಡರ್ ಮೂಲೆಗೆ ಬೀಳದಿರಲು ಈ ಜಾಣ ಆಯ್ಕೆಯೇ ಕಾರಣ.

ಎಲ್ಲ ಯಂತ್ರಕ್ಕೂ ಪಿಎಲ್‌ಸಿ ಬೇಕಿಲ್ಲ. ಎಚ್‌ಎಂಟಿಯ ಸಾದಾ ಲೇತ್‌ನಲ್ಲಿ ಒಂದು ಮೋಟಾರು, ಒಂದು ಕೂಲೆಂಟ್ ಪಂಪು. ಅಲ್ಲಿ ಪಿಎಲ್‌ಸಿಗೆ ಮಾಡಲು ಕೆಲಸವೇ ಇಲ್ಲ. ಅದನ್ನು ಸಿಎನ್‌ಸಿ ಮಾಡಹೊರಟರೆ ಬಾಲ್ ಸ್ಕ್ರೂ, ಸರ್ವೋ ಮೋಟಾರು ಎಂದು ಖರ್ಚಿನ ಲೆಕ್ಕವೇ ಬೇರೆಯಾಗುತ್ತದೆ. ಒಂದಾದ ಮೇಲೊಂದು ಹಂತ ನಡೆಯುವ ಹೈಡ್ರಾಲಿಕ್ ಪ್ರೆಸ್, ಇಂಜೆಕ್ಷನ್ ಮೋಲ್ಡಿಂಗ್ ಯಂತ್ರ, ಕುಲುಮೆ, ಒಂದೇ ಕೆಲಸಕ್ಕೆಂದು ಕಟ್ಟಿದ ಎಸ್‌ಪಿಎಂ ಯಂತ್ರಗಳಿಗೆ ಪಿಎಲ್‌ಸಿ ಒಪ್ಪುತ್ತದೆ. ಪಂಪು ಸವೆದು, ಸಿಲಿಂಡರಿನ ಸೀಲು ಸೋರುತ್ತಿದ್ದರೆ ಮಾತ್ರ ಮೊದಲ ದುಡ್ಡು ಅಲ್ಲಿಗೇ ಹೋಗಬೇಕು. ಸೋರುವ ಸಿಲಿಂಡರನ್ನು ಯಾವ ಪ್ರೋಗ್ರಾಮೂ ಒತ್ತಡದಲ್ಲಿ ಹಿಡಿದು ನಿಲ್ಲಿಸಲಾರದು.

ನಿಜವಾದ ಕಷ್ಟ ಹಳೆ ಪ್ಯಾನೆಲ್ಲನ್ನು ಓದುವುದರಲ್ಲಿದೆ. ನಕ್ಷೆ ಸಿಕ್ಕರೂ ಅದು ಯಂತ್ರ ಬಂದ ದಿನದ್ದು; ಆಮೇಲೆ ಸೇರಿಸಿದ, ಕತ್ತರಿಸಿದ, ಬೈಪಾಸ್ ಮಾಡಿದ ವೈರುಗಳು ಅದರಲ್ಲಿರುವುದಿಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ರಿಲೇಯ ನಿಧಾನ. ರಿಲೇ ಎಳೆದುಕೊಳ್ಳಲು, ಬಿಡಲು ಕೆಲವು ಮಿಲಿಸೆಕೆಂಡುಗಳೇ ಬೇಕು. ಎಷ್ಟೋ ಯಂತ್ರಗಳಲ್ಲಿ ಒಂದು ವಾಲ್ವ್ ಪೂರ್ತಿ ಮುಚ್ಚಿದ ಮೇಲೆಯೇ ಇನ್ನೊಂದು ತೆರೆಯುತ್ತಿದ್ದುದು ಈ ವಿಳಂಬದ ದಯೆಯಿಂದ. ಅದನ್ನು ಯಾರೂ ನಕ್ಷೆಯಲ್ಲಿ ಬರೆದಿರುವುದಿಲ್ಲ. ಪಿಎಲ್‌ಸಿಯಾದರೋ ಇನ್‌ಪುಟ್‌ಗಳನ್ನು ಓದಿ, ಪ್ರೋಗ್ರಾಮನ್ನು ಮೇಲಿನಿಂದ ಕೆಳಕ್ಕೆ ನಡೆಸಿ, ಔಟ್‌ಪುಟ್‌ಗಳನ್ನೆಲ್ಲ ಒಟ್ಟಿಗೆ ಬದಲಿಸುತ್ತದೆ. ಒಂದು ವಾಲ್ವ್ ಬಿಡುವ ಗಳಿಗೆಯಲ್ಲೇ ಇನ್ನೊಂದಕ್ಕೆ ಕರೆಂಟು ಹೋಗುತ್ತದೆ, ಪೈಪುಗಳು ಒದರುತ್ತವೆ. ದೋಷ ಪಿಎಲ್‌ಸಿಯದೆಂದು ಬೈಗುಳ ಶುರುವಾಗುತ್ತದೆ. ಬೇಕಿದ್ದುದು ಪ್ರೋಗ್ರಾಮಿನಲ್ಲೊಂದು ಚಿಕ್ಕ ಟೈಮರ್ ಅಷ್ಟೇ.

ಮೋಟಾರನ್ನು ಹಿಂದೆ ಮುಂದೆ ತಿರುಗಿಸುವ ಜೋಡಿ ಕಾಂಟ್ಯಾಕ್ಟರುಗಳಲ್ಲಿ ಇದೇ ಆತುರ ಅಪಾಯಕಾರಿ. ಒಂದರ ಕಿಡಿ ಆರುವ ಮೊದಲೇ ಇನ್ನೊಂದು ಮುಚ್ಚಿದರೆ ಎರಡು ಫೇಸುಗಳು ನೇರ ಶಾರ್ಟ್ ಆಗುತ್ತವೆ. ಪ್ರೋಗ್ರಾಮಿನಲ್ಲಿ ಇಂಟರ್‌ಲಾಕ್ ಬರೆದಿದ್ದೇನೆ ಎಂಬ ಧೈರ್ಯ ಇಲ್ಲಿ ಸಾಲದು. ಕಾಂಟ್ಯಾಕ್ಟರುಗಳ ನಡುವಿನ ವೈರಿಂಗ್ ಇಂಟರ್‌ಲಾಕ್ ಹಾಗೆಯೇ ಉಳಿಯಬೇಕು. ಸ್ಟಾಪ್ ಬಟನ್ನಿನ ಮಾತೂ ಇಂಥದ್ದೇ. ಒತ್ತದಿರುವಾಗ ಕರೆಂಟು ಹರಿಯುವಂತೆ, ಒತ್ತಿದಾಗ ಕಡಿಯುವಂತೆ ಅದನ್ನು ಜೋಡಿಸಬೇಕು. ಆಗ ವೈರು ತುಂಡಾದರೂ ಯಂತ್ರ ನಿಲ್ಲುತ್ತದೆ. ತಿರುಗುಮುರುಗಾಗಿ ಜೋಡಿಸಿದರೂ ಯಂತ್ರ ದಿನವೂ ಸರಿಯಾಗಿಯೇ ನಡೆಯುತ್ತದೆ. ವೈರು ತುಂಡಾದ ದಿನ ಮಾತ್ರ ನಿಲ್ಲುವುದಿಲ್ಲ.

ವೈರಿಂಗಿನಲ್ಲಿ ಉಳಿತಾಯ ಮಾಡುವುದು ದಡ್ಡತನ. ಹಳೆ ಪ್ಯಾನೆಲ್ 110 ವೋಲ್ಟ್ ಎಸಿಯಲ್ಲಿ ಓಡುತ್ತಿದ್ದರೆ ಪಿಎಲ್‌ಸಿಯ ಇನ್‌ಪುಟ್‌ಗಳು ಬಹುಮಟ್ಟಿಗೆ 24 ವೋಲ್ಟ್ ಡಿಸಿಯವು. 110 ವೋಲ್ಟಿನಲ್ಲಿ ಕಿಲುಬು ಹಿಡಿದೂ ಕೆಲಸ ಮಾಡುತ್ತಿದ್ದ ಲಿಮಿಟ್ ಸ್ವಿಚ್ಚು 24 ವೋಲ್ಟಿಗೆ ಒಮ್ಮೊಮ್ಮೆ ಮಾತ್ರ ತಾಗುತ್ತದೆ. ಇಂಥವನ್ನು ಕಿತ್ತು ಪ್ರಾಕ್ಸಿಮಿಟಿ ಸೆನ್ಸರ್ ಹಾಕುವುದು ಲೇಸು. ಸೊಲೆನಾಯ್ಡ್ ಮತ್ತು ಕಾಂಟ್ಯಾಕ್ಟರ್ ಕಾಯಿಲ್‌ಗಳು ಬಿಡುವಾಗ ಏಳುವ ವೋಲ್ಟೇಜ್ ಏಟನ್ನು ಡಿಸಿಯಲ್ಲಿ ಡಯೋಡು, ಎಸಿಯಲ್ಲಿ ಸರ್ಜ್ ಸಪ್ರೆಸರ್ ಹಾಕಿ ತಡೆಯದಿದ್ದರೆ ಪಿಎಲ್‌ಸಿಯ ಔಟ್‌ಪುಟ್ ಬೇಗ ಸಾಯುತ್ತದೆ. ಮೋಟಾರಿನ ಕೇಬಲ್ಲು, ಸೆನ್ಸರಿನ ಕೇಬಲ್ಲು ಒಂದೇ ಡಕ್ಟಿನಲ್ಲಿ ಓಡಬಾರದು. ಇವೆಲ್ಲ ಅಗ್ಗದ ಸಾಮಾನುಗಳು, ಕೊಟೇಶನ್ ಇಳಿಸುವಾಗ ಮೊದಲು ಬಿಟ್ಟುಹೋಗುವವೂ ಇವೇ.

ಸುರಕ್ಷತೆಯ ವಿಷಯದಲ್ಲಿ ಭ್ರಮೆ ದೊಡ್ಡದು. ಸಾದಾ ಪಿಎಲ್‌ಸಿಯ ಮೇಲೆ ಎಮರ್ಜೆನ್ಸಿ ಸ್ಟಾಪಿನ ಹೊಣೆ ಹೊರಿಸಬಾರದು. ಅದರ ಔಟ್‌ಪುಟ್ ಅಂಟಿಕೊಂಡರೆ ಪ್ರೋಗ್ರಾಮು ‘ನಿಲ್ಲು’ ಎಂದರೂ ಯಂತ್ರ ನಿಲ್ಲದು. ಸೇಫ್ಟಿ ರಿಲೇಯ ಮೂಲಕ ಕರೆಂಟನ್ನೇ ಕಡಿಯಬೇಕು, ಇಲ್ಲವೇ ಆ ಕೆಲಸಕ್ಕೆಂದೇ ಪ್ರಮಾಣೀಕರಿಸಿದ ಸೇಫ್ಟಿ ಪಿಎಲ್‌ಸಿ ಬಳಸಬೇಕು. ಕೀ ಕ್ಲಚ್ಚಿನ ಹಳೆ ಪವರ್ ಪ್ರೆಸ್‌ಗಳಲ್ಲಿ ಇದೂ ಸಾಲುವುದಿಲ್ಲ. ಅಲ್ಲಿ ಕ್ಲಚ್ ಒಮ್ಮೆ ಹಿಡಿಯಿತೆಂದರೆ ಫ್ಲೈವೀಲ್ ಪೂರ್ತಿ ಒಂದು ಸುತ್ತು ತಿರುಗಿಸಿ ರ‍್ಯಾಮನ್ನು ಕೆಳಗಿಳಿಸಿಯೇ ಬಿಡುತ್ತದೆ. ನಡುದಾರಿಯಲ್ಲಿ ನಿಲ್ಲಿಸುವ ಉಪಾಯವೇ ಯಂತ್ರದಲ್ಲಿಲ್ಲ. ಅದಕ್ಕೆ ಪಿಎಲ್‌ಸಿ, ಲೈಟ್ ಕರ್ಟನ್ ತೊಡಿಸಿ ‘ಸುರಕ್ಷಿತ’ ಎನ್ನುವುದು ಆಪರೇಟರಿನ ಬೆರಳುಗಳ ಜತೆ ಜೂಜಾಡಿದಂತೆ. ಡೈ ಸುತ್ತ ಕೈ ತೂರದಂಥ ಬೇಲಿ ಹಾಕಬೇಕು, ಇಲ್ಲವೇ ನ್ಯೂಮ್ಯಾಟಿಕ್ ಕ್ಲಚ್-ಬ್ರೇಕಿಗೆ ಬದಲಾಯಿಸಬೇಕು. ಅಪಾಯಕಾರಿ ಭಾಗಗಳಿಗೆ ಬೇಲಿ ಕಡ್ಡಾಯವೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು.

ಇನ್ನುಳಿದದ್ದು ಪ್ರೋಗ್ರಾಮು ಯಾರ ಆಸ್ತಿ ಎಂಬ ಪ್ರಶ್ನೆ. ಪ್ಯಾನೆಲ್ ಕಟ್ಟಿಕೊಟ್ಟವರು ಪಾಸ್‌ವರ್ಡ್ ಹಾಕಿ ಹೋಗುವುದು ಈ ವ್ಯವಹಾರದಲ್ಲಿ ಮಾಮೂಲು. ತಮ್ಮ ಬುದ್ಧಿಯ ದುಡಿಮೆ ನಕಲಾಗಬಾರದೆಂಬ ಅವರ ವಾದದಲ್ಲಿ ಹುರುಳಿದೆ. ಆದರೆ ಅವರು ಅಂಗಡಿ ಮುಚ್ಚಿದ ದಿನ ಪ್ರೋಗ್ರಾಮಿನ ಒಂದು ಟೈಮರ್ ಬದಲಿಸಲೂ ಮಾಲೀಕನಿಗೆ ದಾರಿಯಿಲ್ಲ. ರಿಲೇ ಪ್ಯಾನೆಲ್ಲಿನಲ್ಲಿ ಟೆಸ್ಟರ್ ಹಿಡಿದಾದರೂ ವೈರು ಹುಡುಕಬಹುದಿತ್ತು. ಪಿಎಲ್‌ಸಿಗೂ ಮುಪ್ಪು ಬರುತ್ತದೆ. 1979ರಲ್ಲಿ ಬಂದ ಸೀಮೆನ್ಸ್‌ನ ಎಸ್5 ಸರಣಿ ಈಗ ತಯಾರಾಗುತ್ತಿಲ್ಲ; ಅಂದಿನ ನವೀಕರಣಗಳನ್ನು ಈಗ ಇನ್ನೊಮ್ಮೆ ನವೀಕರಿಸಬೇಕಾಗಿದೆ. ಪಿಎಲ್‌ಸಿ ಭಾಷೆಗಳಿಗೆಂದು ಐಇಸಿ 61131-3 ಮಾನದಂಡ 1993ರಿಂದ ಇದ್ದರೂ ಒಂದು ಕಂಪನಿಯ ಪ್ರೋಗ್ರಾಮು ಇನ್ನೊಂದರಲ್ಲಿ ಹಾಗೆಯೇ ಓಡುವುದಿಲ್ಲ. ಹೀಗಾಗಿ ಕಾಮೆಂಟುಗಳಿರುವ ಮೂಲ ಪ್ರೋಗ್ರಾಮು, ಪಾಸ್‌ವರ್ಡ್, ಬದಲಾದ ವೈರಿಂಗಿನ ನಕ್ಷೆ, ಯಾವ ಇನ್‌ಪುಟ್‌ಗೆ ಯಾವ ಸ್ವಿಚ್ಚೆಂಬ ಪಟ್ಟಿ, ಇಷ್ಟೂ ಕಾರ್ಖಾನೆಗೆ ಸೇರತಕ್ಕವೆಂದು ಪರ್ಚೇಸ್ ಆರ್ಡರಿನಲ್ಲೇ ಬರೆಸಬೇಕು. ಕಾರ್ಖಾನೆಯದೇ ಲ್ಯಾಪ್‌ಟಾಪಿನಲ್ಲಿ ಆ ಪ್ರೋಗ್ರಾಮು ತೆರೆದು, ಪಿಎಲ್‌ಸಿಗೆ ಮತ್ತೆ ಇಳಿಸಿ, ಯಂತ್ರ ಒಂದು ಪೂರ್ತಿ ಸೈಕಲ್ ಓಡಿದ ಮೇಲೆ ಕೊನೆಯ ಕಂತಿನ ಚೆಕ್ ಕೊಡಬಹುದು.