ಸೋರುವುದೊಂದು ಕಡೆ, ತೊಟ್ಟಿಕ್ಕುವುದೊಂದು ಕಡೆ
ಕರಾವಳಿಯ ಹಳೇ ಹಂಚಿನ ಮನೆಗಳಲ್ಲಿ ಜೂನ್ ಬಂತೆಂದರೆ ಅಟ್ಟದ ಪಾತ್ರೆಗಳೆಲ್ಲ ಚಾವಡಿಗೆ ಇಳಿಯುತ್ತವೆ. ಆದರೆ ಬಕೆಟ್ ಇಟ್ಟಲ್ಲೇ ತಲೆಯೆತ್ತಿ ತೂತು ಹುಡುಕಿದರೆ ಸಿಗುವುದು ಅಪರೂಪ. ಒಡೆದ ಹಂಚಿನಿಂದ ಒಳಬಂದ ನೀರು ಪಕ್ಕಾಸಿನ ಅಡಿಗೆ ಅಂಟಿಕೊಂಡೇ ಕೆಳಗೆ ಹರಿದು, ಮರದ ಗಂಟೋ ರೀಪಿನ ಮೊಳೆಯೋ ಅಡ್ಡ ಸಿಕ್ಕಲ್ಲಿ ತೊಟ್ಟಿಕ್ಕುತ್ತದೆ. ಹನಿ ಬಿದ್ದ ಜಾಗದಿಂದ ಒದ್ದೆಯ ಗುರುತು ಹಿಡಿದು ಮೇಲಕ್ಕೆ ಹೋಗಬೇಕು. ಮಳೆ ಹೊಳವಾದ ದಿನ ಅಟ್ಟದ ಕತ್ತಲಲ್ಲಿ ನಿಂತರೆ ಬಿಸಿಲೇ ಬಿರುಕನ್ನು ತೋರಿಸಿಕೊಡುತ್ತದೆ. ಇನ್ನು ಬದಲಿ ಹಂಚಿನ ಮಾತು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ನೇತ್ರಾವತಿ, ಗುರುಪುರ ನದಿಗಳ ದಂಡೆಯಲ್ಲಿ ಹಲವು ಕಾರ್ಖಾನೆಗಳು ಎದ್ದವು. ಎಲ್ಲರದೂ ಮಂಗಳೂರು ಹಂಚೇ, ಆದರೆ ಅಚ್ಚು ತುಸು ಬೇರೆ ಬೇರೆ. ಅಚ್ಚು ತಪ್ಪಿದ ಹಂಚು ಪಕ್ಕದ್ದರ ಗಾಡಿಯಲ್ಲಿ ಸರಿಯಾಗಿ ಕೂರುವುದಿಲ್ಲ. ಗಾಳಿಮಳೆ ನುಗ್ಗುವುದು ಆ ಸಂದಿಯಲ್ಲೇ. ಹಂಚಿನ ಮೇಲಿನ ಮುದ್ರೆ ನೋಡಿಕೊಂಡು, ಹಳೇ ಮನೆ ಕೆಡವಿದಲ್ಲಿಂದ ಅದೇ ಹಂಚು ತರುವುದು ಲೇಸು. ಸಿಮೆಂಟ್ ಮೆತ್ತುವುದು ಮಾತ್ರ ಬೇಡ: ಮರ ಹಿಗ್ಗಿ ಕುಗ್ಗಿದಂತೆ ಅದು ಬಿರಿಯುತ್ತದೆ, ಮುಂದಿನ ಸಲ ಹಂಚು ತೆಗೆಯಹೋದರೆ ನಾಲ್ಕು ಒಡೆಯುತ್ತವೆ. ಎರಡು ಮಾಡು ಕೂಡುವ ಮೂಲೆಯ ತಗಡಿನ ದೋಣಿಯಲ್ಲಿ ತರಗೆಲೆ ಕಟ್ಟಿಕೊಂಡರಂತೂ ಹಂಚು ಎಷ್ಟು ಗಟ್ಟಿಯಿದ್ದರೂ ನೀರು ಮನೆಯೊಳಗೇ. ಮೇ ತಿಂಗಳಲ್ಲಿ ಹಂಚು ಕೈಯಾಡಿಸುವ ಕೂಲಿ ಉಳಿಸಿದವರು, ಕೆಲವೇ ಮಳೆಗಾಲಗಳಲ್ಲಿ ಕುಂಬಾದ ಪಕ್ಕಾಸು ಬದಲಿಸಲು ಅದರ ಹತ್ತುಪಟ್ಟು ಎಣಿಸಬೇಕಾಗುತ್ತದೆ.