ಅಪರೂಪವೆಂಬುದು ಅಭಯವಲ್ಲ

ಪ್ರತಿದಿನ ಇಷ್ಟಲಿಂಗಪೂಜೆಗೆ ಕುಳಿತು ವಿಭೂತಿ ಧರಿಸುವಾಗ ನಮ್ಮ ಬೆರಳುಗಳು ಕೊರಳನ್ನು ಮುಟ್ಟುತ್ತವೆ. ಆ ಬೆರಳಿಗೆ ಗಂಟೊಂದು ಸಿಕ್ಕಿದರೆ ನಾವೇನು ಮಾಡುತ್ತೇವೆ? ‘ಹಳೆಯ ಗಳಗಂಡ, ಇದ್ದುಕೊಳ್ಳಲಿ’ ಎಂದು ಹಿರಿಯರನೇಕರು ಸುಮ್ಮನಾಗುತ್ತಾರೆ. ಕೊರಳಿನ ಗಂಟುಗಳಲ್ಲಿ ಬಹುಪಾಲು ನಿರಪಾಯಕರವಾದುದರಿಂದ ಈ ಸಮಾಧಾನ ಪೂರ್ಣ ತಪ್ಪೆನ್ನಲಾಗದು. ಆದರೆ ಒಂದು ರೋಗದ ವಿಷಯದಲ್ಲಿ ಅದು ಪ್ರಾಣಕ್ಕೇ ಎರವಾಗುತ್ತದೆ.

ಅದು ಅನಾಪ್ಲಾಸ್ಟಿಕ್ ಥೈರಾಯ್ಡ್ ಕ್ಯಾನ್ಸರ್. ಥೈರಾಯ್ಡ್ ಗ್ರಂಥಿಯ ಕ್ಯಾನ್ಸರುಗಳಲ್ಲಿ ಇದರ ಪಾಲು ನೂರಕ್ಕೆ 1 ಅಥವಾ 2 ಮಾತ್ರ. ನಮ್ಮ ಬೆಂಗಳೂರಿನಲ್ಲಿ ಕಿದ್ವಾಯಿ ಸಂಸ್ಥೆಯು 1982ರಿಂದ ಕ್ಯಾನ್ಸರ್ ನೋಂದಣಿಯನ್ನು ನಡೆಸಿಕೊಂಡು ಬಂದಿದೆ. ಯಾವ ಕ್ಯಾನ್ಸರ್ ಸಾಮಾನ್ಯ, ಯಾವುದು ವಿರಳ ಎಂಬುದು ಇಂತಹ ನೋಂದಣಿಗಳಿಂದಲೇ ತಿಳಿಯುತ್ತದೆ. ಆದರೆ ರೋಗಿಗಳ ಎಣಿಕೆಯು ರೋಗದ ವೇಗವನ್ನು ಹೇಳದು. ಇತರ ಥೈರಾಯ್ಡ್ ಕ್ಯಾನ್ಸರುಗಳಿಗೆ ತುತ್ತಾದವರಲ್ಲಿ ಹೆಚ್ಚಿನವರು ಚಿಕಿತ್ಸೆ ಪಡೆದು ದೀರ್ಘಕಾಲ ಬಾಳುತ್ತಾರೆ. ಇದಕ್ಕೆ ತುತ್ತಾದವರಲ್ಲಿ ಸುಮಾರು ಅರ್ಧದಷ್ಟು ಮಂದಿ 6 ತಿಂಗಳೊಳಗೆ ಅಸುನೀಗುತ್ತಾರೆ. ಪತ್ತೆಯಾದ ದಿನವೇ ಇದನ್ನು 4ನೆಯ ಹಂತವೆಂದು ವೈದ್ಯರು ಪರಿಗಣಿಸುತ್ತಾರೆ.

ಇದು ಸಾಮಾನ್ಯವಾಗಿ 60 ದಾಟಿದವರಲ್ಲಿ, ಎಷ್ಟೋ ವೇಳೆ ವರ್ಷಗಳಿಂದಿದ್ದ ಗಳಗಂಡದಲ್ಲಿಯೇ ತಲೆದೋರುತ್ತದೆ. ಕೊರಳಿನ ಗಂಟು ಕೆಲವೇ ವಾರಗಳಲ್ಲಿ ದೊಡ್ಡದಾಗಿ ಗಟ್ಟಿಯಾಗುವುದು, ದನಿ ಒಡೆಯುವುದು, ನುಂಗಲು ತೊಡಕಾಗುವುದು, ಉಸಿರು ಕಟ್ಟಿದಂತಾಗುವುದು ಇದರ ಲಕ್ಷಣಗಳು. ಇವುಗಳಲ್ಲಿ ಯಾವುದೇ ಕಂಡರೂ ಹಬ್ಬ ಕಳೆಯಲಿ, ಜಾತ್ರೆ ಮುಗಿಯಲಿ ಎಂದು ಕಾಯಬಾರದು. ಉಸಿರಾಟಕ್ಕೆ ತೊಂದರೆಯಾದರೆ ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯಬೇಕು.

ದಂಡುಪ್ರದೇಶ, ಹಲಸೂರು, ಇಂದಿರಾನಗರ, ಕೆ.ಆರ್.ಪುರಗಳ ಭಕ್ತರಿಗೆ ಸರ್ಕಾರಿ ಆಸ್ಪತ್ರೆ ದೂರವಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್, ಇಂದಿರಾನಗರದಲ್ಲಿ ಸಿ.ವಿ.ರಾಮನ್ ಆಸ್ಪತ್ರೆಗಳಿವೆ. ಮೊದಲು ಅಲ್ಲಿನ ವೈದ್ಯರಿಗೆ ಕೊರಳನ್ನು ತೋರಿಸಿದರೆ ಮುಂದಿನ ದಾರಿ ತಿಳಿಯುತ್ತದೆ. ಸ್ಕ್ಯಾನ್ ಮಾಡಿ, ಗಂಟಿನಿಂದ ಸಣ್ಣ ಚೂರನ್ನು ತೆಗೆದು ಪರೀಕ್ಷಿಸಿದಾಗಲೇ ರೋಗ ನಿಶ್ಚಯವಾಗುವುದು. ಶಸ್ತ್ರಚಿಕಿತ್ಸೆ ಹಾಗೂ ವಿಕಿರಣ ಚಿಕಿತ್ಸೆಗಳ ಜೊತೆಗೆ, ಬಿರಾಫ್ ಎಂಬ ಜೀನಿನಲ್ಲಿ ನಿರ್ದಿಷ್ಟ ಮಾರ್ಪಾಡುಳ್ಳ ರೋಗಿಗಳಿಗೆಂದು ಎರಡು ಮಾತ್ರೆಗಳ ಜೋಡಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮೋದನೆ ದೊರೆತಿದೆ. ಆದುದರಿಂದ ಜೀನಿನ ಪರೀಕ್ಷೆಯ ಬಗೆಗೂ ವೈದ್ಯರನ್ನು ಕೇಳುವುದು ಒಳಿತು. ಆದರೆ ಯಾವ ಚಿಕಿತ್ಸೆಯೂ ತಡವಾಗಿ ಬಂದವರಿಗೆ ಕಳೆದ ವಾರಗಳನ್ನು ಮರಳಿ ಕೊಡಲಾರದು.

ಅಪರೂಪಕ್ಕೆ ಒಬ್ಬರಿಗೆ ಬರುವ ರೋಗವೆಂದರೂ ಆ ಒಬ್ಬರು ಯಾವುದೋ ಮನೆಯ ತಾಯಿ, ಯಾವುದೋ ಮನೆಯ ಅಜ್ಜ. ದೇಹವನ್ನೇ ದೇಗುಲವೆಂದು ಕಂಡ ಶರಣರ ಮಕ್ಕಳಾದ ನಾವು ಆ ದೇಗುಲದ ಬಿರುಕನ್ನು ಕಂಡೂ ಕಾಣದಂತಿರುವುದು ಸಲ್ಲದು. ನಾಳೆ ವಿಭೂತಿ ಧರಿಸುವಾಗ ಕೊರಳಿನ ಮೇಲೆ ಬೆರಳು ಒಂದು ಕ್ಷಣ ಹೆಚ್ಚು ನಿಲ್ಲಲಿ. ಮನೆಯ ಹಿರಿಯರ ಕೊರಳಿನ ಕಡೆಗೂ ನಮ್ಮ ಗಮನವಿರಲಿ.