ಕೈಗುಣದ ಮಾತು, ಲೆಕ್ಕದ ಮಾತು: ಹರೆಯದವರ ಮನೋಚಿಕಿತ್ಸೆಯ ಕುರಿತು

ವೈದ್ಯರನ್ನು ಅಳೆಯಲು ನಮ್ಮ ಸೀಮೆಯಲ್ಲಿ ಒಂದು ಹಳೆಯ ಮಾತುಂಟು: ‘ಅವರ ಕೈಗುಣ ಒಳ್ಳೆಯದು’. ಮುರಿದ ಮೂಳೆಯ ವಿಷಯದಲ್ಲಿ ಈ ಮಾತಿನಿಂದ ಹೆಚ್ಚಿನ ಹಾನಿಯಿಲ್ಲ. ಮೂಳೆ ಕೂಡಿತೋ ಇಲ್ಲವೋ ಎಂಬುದನ್ನು ಕೊನೆಗೆ ಎಕ್ಸ್‌ರೇ ಹೇಳಿಯೇ ಹೇಳುತ್ತದೆ. ಆದರೆ ಪಿಯುಸಿ ಓದುವ ಮಗಳು ಎರಡು ತಿಂಗಳಿಂದ ಸರಿಯಾಗಿ ಉಣ್ಣದೆ, ಯಾರೊಡನೆಯೂ ಮಾತನಾಡದೆ, ಕೋಣೆಯ ಬಾಗಿಲು ಹಾಕಿಕೊಂಡು ಕುಳಿತಿರುವಾಗ, ಅವಳಿಗೆ ಕೊಡಿಸುತ್ತಿರುವ ಚಿಕಿತ್ಸೆ ಫಲಿಸುತ್ತಿದೆಯೇ ಎಂಬುದನ್ನು ತೋರಿಸುವ ಎಕ್ಸ್‌ರೇ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಆದಕಾರಣ ಫಲಿತಾಂಶವನ್ನು ಲೆಕ್ಕವಿಟ್ಟು ನೋಡುವ ಅಗತ್ಯ ಉಳಿದ ವೈದ್ಯಶಾಖೆಗಳಿಗಿಂತಲೂ ಮನೋವೈದ್ಯಕ್ಕೆ, ಅದರಲ್ಲಿಯೂ ಹರೆಯದವರ ಮನೋವೈದ್ಯಕ್ಕೆ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ.

ಸಮಸ್ಯೆ ಸಣ್ಣದಲ್ಲ. ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇಕಡ 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ತೊಂದರೆ ಇದೆಯೆಂದು ಕಂಡುಕೊಂಡಿತು. ನೂರು ಮಕ್ಕಳ ಕಾಲೇಜೊಂದರಲ್ಲಿ ಏಳು ಮಕ್ಕಳು ಎಂದು ತಿಳಿದುಕೊಳ್ಳಬಹುದು. ಬೇರೆ ಬೇರೆ ಮನೋವ್ಯಾಧಿಗಳಲ್ಲಿ ಶೇಕಡ 70ರಿಂದ 92ರಷ್ಟು ಜನ ಚಿಕಿತ್ಸೆಯನ್ನೇ ಪಡೆದಿರಲಿಲ್ಲ ಎಂಬುದನ್ನೂ ಅದೇ ಸಮೀಕ್ಷೆ ತಿಳಿಸಿತು. ದೇಶದಲ್ಲಿ 2022ನೆಯ ಒಂದೇ ವರ್ಷದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮೃತರಾದರು. ಭದ್ರಾವತಿಯ ಮನೆಗಳಿಗೆ ಇದರ ಜೊತೆಗೆ ಇನ್ನೊಂದು ಭಾರವೂ ಇದೆ. ಕಾಗದದ ಕಾರ್ಖಾನೆಯ ಯಂತ್ರಗಳು ನಿಂತು ವರ್ಷಗಳಾದವು. ಉಕ್ಕಿನ ಕಾರ್ಖಾನೆಯ ಹಣೆಬರಹ ಒಮ್ಮೆ ಮುಚ್ಚುತ್ತದೆ, ಒಮ್ಮೆ ತೆರೆಯುತ್ತದೆ ಎಂಬ ಸ್ಥಿತಿಯಲ್ಲಿದೆ. ತಂದೆಯ ಕೆಲಸವನ್ನು ಮಗನೂ ಮಾಡುತ್ತಾನೆ ಎಂಬ ಭರವಸೆಯ ಮೇಲೆ ಕಟ್ಟಿದ ಊರಿನಲ್ಲಿ ಆ ಭರವಸೆ ಕುಸಿದಾಗ ಮೊದಲು ಕುಗ್ಗುವುದು ಇಪ್ಪತ್ತರ ಆಸುಪಾಸಿನ ಹುಡುಗರ ಮನಸ್ಸು.

ಹಾಗೆಂದು ನಮ್ಮ ಜಿಲ್ಲೆಗೆ ಮನೋವೈದ್ಯದ ಪರಿಚಯವಿಲ್ಲವೆಂದಲ್ಲ. ದಿವಂಗತ ಡಾ. ಅಶೋಕ್ ಪೈ ಅವರು ಶಿವಮೊಗ್ಗೆಯಲ್ಲಿದ್ದುಕೊಂಡೇ ಬರಹ, ಭಾಷಣ, ಚಲನಚಿತ್ರಗಳ ಮೂಲಕ ಮನೋರೋಗದ ಬಗೆಗಿನ ನಾಚಿಕೆಯನ್ನು ನಾಡಿನಾದ್ಯಂತ ಕಡಿಮೆ ಮಾಡಿದವರು. ಮೆಗ್ಗಾನ್ ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೇ ಬಂದು ರೋಗಿಗಳನ್ನು ನೋಡುವ ‘ಮನೋಚೈತನ್ಯ’ ಕಾರ್ಯಕ್ರಮವನ್ನು ರಾಜ್ಯ ಸರ್ಕಾರ ರೂಪಿಸಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ನಿಮ್ಹಾನ್ಸ್ ಜೊತೆಗೂಡಿ ಜಿಲ್ಲೆಗೊಂದರಂತೆ ‘ಯುವ ಸ್ಪಂದನ’ ಕೇಂದ್ರವನ್ನು ತೆರೆದು, ತರಬೇತಿ ಪಡೆದ ಯುವಕ ಯುವತಿಯರನ್ನೇ ಸಮಾಲೋಚಕರನ್ನಾಗಿ ನಿಲ್ಲಿಸಿದೆ. ಆದ್ದರಿಂದ ‘ಎಲ್ಲಿಗೆ ಹೋಗುವುದು?’ ಎಂಬ ಪ್ರಶ್ನೆಗೆ ಹಿಂದಿನ ತಲೆಮಾರಿಗಿಂತ ನಮಗೆ ಉತ್ತರ ಸುಲಭವಾಗಿದೆ. ಹೋದ ಮೇಲೆ ಏನಾಯಿತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಇನ್ನೂ ಕೇಳಲು ಕಲಿತಿಲ್ಲ.

ಏಕೆ ಕೇಳಬೇಕು? ಅಮೆರಿಕದಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 12ರಿಂದ 17 ವರ್ಷದ 439 ಮಕ್ಕಳ ಮೇಲೆ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನವೊಂದನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳುವುದು ಉಚಿತ. ಮಕ್ಕಳನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಫ್ಲೂಆಕ್ಸಿಟಿನ್ ಎಂಬ ಔಷಧ, ಇನ್ನೊಂದಕ್ಕೆ ಆಲೋಚನೆ ಮತ್ತು ವರ್ತನೆಗಳನ್ನು ತಿದ್ದಿಕೊಳ್ಳಲು ಕಲಿಸುವ ಮಾತಿನ ಚಿಕಿತ್ಸೆ, ಮೂರನೆಯದಕ್ಕೆ ಎರಡೂ, ನಾಲ್ಕನೆಯದಕ್ಕೆ ಔಷಧವಿಲ್ಲದ ಹುಸಿ ಗುಳಿಗೆ. ಹನ್ನೆರಡು ವಾರಗಳ ಬಳಿಕ ಎರಡನ್ನೂ ಪಡೆದವರಲ್ಲಿ ಶೇಕಡ 71, ಔಷಧ ಮಾತ್ರ ಪಡೆದವರಲ್ಲಿ 61, ಮಾತಿನ ಚಿಕಿತ್ಸೆ ಮಾತ್ರ ಪಡೆದವರಲ್ಲಿ 43ರಷ್ಟು ಮಂದಿ ಚೇತರಿಕೆಯ ಹಾದಿಯಲ್ಲಿದ್ದರು. ಹುಸಿ ಗುಳಿಗೆ ನುಂಗಿದವರಲ್ಲಿಯೂ ಶೇಕಡ 35ರಷ್ಟು ಮಂದಿ ಸುಧಾರಿಸಿದ್ದರು.

ಈ ಕೊನೆಯ ಅಂಕಿಯನ್ನು ಭಕ್ತರು ಮನಸ್ಸಿಟ್ಟು ನೋಡಬೇಕು. ಮೂವರಲ್ಲಿ ಒಬ್ಬ ಮಗು ಔಷಧದ ಗುಣವಿಲ್ಲದ ಗುಳಿಗೆಯಿಂದಲೂ, ಅಂದರೆ ಕಾಲದ, ಭರವಸೆಯ, ಯಾರೋ ಅಕ್ಕರೆಯಿಂದ ವಿಚಾರಿಸಿದ್ದರ ಬಲದಿಂದಲೂ ಸುಧಾರಿಸಬಲ್ಲದು. ಮನೆಯವರು ಚಿಕಿತ್ಸೆಗೆ ಓಡುವುದು ಮಗುವಿನ ಸ್ಥಿತಿ ತೀರ ಹದಗೆಟ್ಟಾಗ. ಅಲ್ಲಿಂದ ಮುಂದೆ ಅನೇಕರಿಗೆ ತಾನಾಗಿಯೇ ಸ್ವಲ್ಪ ಇಳಿತ ಉಂಟಾಗುತ್ತದೆ. ಆ ಹೊತ್ತಿನಲ್ಲಿ ಕಟ್ಟಿದ ತಾಯಿತವಿರಲಿ, ಕೊಟ್ಟ ಟಾನಿಕ್ ಇರಲಿ, ನಗರದ ದುಬಾರಿ ಕೌನ್ಸೆಲಿಂಗ್ ಇರಲಿ, ಗುಣವಾದ ಶ್ರೇಯಸ್ಸನ್ನು ಅದೇ ಪಡೆದುಕೊಳ್ಳುತ್ತದೆ. ‘ನಮ್ಮ ಅಕ್ಕನ ಮಗನಿಗೆ ಅಲ್ಲಿ ವಾಸಿಯಾಯಿತು’ ಎಂಬ ಒಂದು ಸಾಕ್ಷ್ಯದಿಂದ ಮುಂದಿನ ಹತ್ತು ಕುಟುಂಬಗಳು ಅಲ್ಲಿಗೇ ಹೋಗುತ್ತವೆ. ಅದೇ ಬಾಗಿಲಿಗೆ ಹೋಗಿ ವಾಸಿಯಾಗದವರ ಕಥೆಯನ್ನು ಯಾರೂ ಮದುವೆ ಮನೆಯಲ್ಲಿ ಹೇಳುವುದಿಲ್ಲ. ಹೋಲಿಸಿ ನೋಡದೆ ಚಿಕಿತ್ಸೆಯ ಬಲವನ್ನು ತಿಳಿಯಲಾಗದು ಎಂದು ವಿಜ್ಞಾನ ಹೇಳುವುದು ಇದಕ್ಕಾಗಿ.

ಅನುಭವಿ ವೈದ್ಯರಿಗೆ ನೋಡಿದೊಡನೆಯೇ ತಿಳಿಯುವುದಿಲ್ಲವೇ ಎಂದು ಕೇಳಬಹುದು. ಈ ಪ್ರಶ್ನೆಯನ್ನೂ ಪರೀಕ್ಷಿಸಿದ್ದಾರೆ. ವಿಶ್ವವಿದ್ಯಾಲಯವೊಂದರ ಸಮಾಲೋಚನಾ ಕೇಂದ್ರದಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಚಿಕಿತ್ಸೆಯಲ್ಲಿದ್ದ 550 ಜನರ ಪೈಕಿ ಯಾರ ಸ್ಥಿತಿ ಕೆಡಲಿದೆ ಎಂದು ಊಹಿಸುವಂತೆ ಚಿಕಿತ್ಸಕರನ್ನೇ ಕೇಳಲಾಯಿತು. ಅವರು ಗುರುತಿಸಿದ್ದು ಮೂವರನ್ನು. ನಿಜವಾಗಿ ಕೆಟ್ಟದ್ದು 40 ಜನರ ಸ್ಥಿತಿ. ಇದು ಅವರ ಅಯೋಗ್ಯತೆಯಲ್ಲ. ಎದುರಿಗೆ ಕುಳಿತ ಯುವಕ ವೈದ್ಯರ ಮನ ನೋಯಿಸಬಾರದೆಂದು ‘ಈಗ ಪರವಾಗಿಲ್ಲ ಸರ್’ ಎನ್ನುತ್ತಾನೆ. ಸಹಾಯ ಮಾಡಬೇಕೆಂದು ಕುಳಿತವರಿಗೆ ಅದನ್ನು ನಂಬುವ ಆಸೆ ಇರುತ್ತದೆ. ಪ್ರತಿ ಭೇಟಿಯಲ್ಲಿಯೂ ಅದೇ ಪ್ರಶ್ನೆಗಳನ್ನು ಕೇಳಿ, ಅಂಕಗಳನ್ನು ಬರೆದಿಟ್ಟರೆ ಇಬ್ಬರ ದಾಕ್ಷಿಣ್ಯವನ್ನೂ ಆ ಕಾಗದ ಮೀರಬಲ್ಲದು.

ಇಂಥ ಲೆಕ್ಕ ಪರದೇಶದಲ್ಲಿ ಮಾತ್ರ ಸಾಧ್ಯವೆಂದು ತಿಳಿಯಬೇಕಾಗಿಲ್ಲ. ನಮ್ಮದೇ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಅವರ ಸಹೋದ್ಯೋಗಿಗಳು 2005ರಿಂದ ಸ್ಕಿಜೋಫ್ರೇನಿಯಾ ಇರುವವರನ್ನು ಹಳ್ಳಿ ಹಳ್ಳಿಯಲ್ಲಿ ಗುರುತಿಸಿ ಚಿಕಿತ್ಸೆ ಒದಗಿಸುವ ಕಾರ್ಯಕ್ರಮವನ್ನು ನಡೆಸಿದರು. ಈ ವ್ಯಾಧಿ ಬಹುಮಟ್ಟಿಗೆ ಹದಿಹರೆಯದ ಕೊನೆಯಲ್ಲಿಯೋ ಇಪ್ಪತ್ತರ ದಶಕದಲ್ಲಿಯೋ ಕಾಣಿಸಿಕೊಂಡು, ಒಂದು ಬದುಕನ್ನು ಅದರ ಆರಂಭದಲ್ಲಿಯೇ ತಡೆದು ನಿಲ್ಲಿಸುವಂಥದು. ಅಲ್ಲಿ ಗುರುತಿಸಿದವರು ಇನ್ನೂರಕ್ಕೂ ಹೆಚ್ಚು. ಅವರ ಪೈಕಿ ಮೊದಲಿಗೆ ಔಷಧ ತೆಗೆದುಕೊಳ್ಳದೆ ಇದ್ದವರೂ ಹಲವರಿದ್ದರು. ಸ್ನಾನ-ಊಟಗಳಂಥ ಸ್ವಂತ ಕೆಲಸ, ಜನರೊಡನೆ ಒಡನಾಟ, ಮಾತು ಮತ್ತು ಗ್ರಹಿಕೆ, ದುಡಿಮೆ ಎಂಬ ನಾಲ್ಕು ವಿಷಯಗಳಲ್ಲಿ ಪ್ರತಿಯೊಬ್ಬರಿಗೆ ಎಷ್ಟು ಅಡಚಣೆಯಿದೆ ಎಂದು ತರಬೇತಿ ಪಡೆದವರು ಅಳೆದರು. ವರ್ಷದ ನಂತರ ಮತ್ತೆ ಅಳೆದರು. ಔಷಧವಿಲ್ಲದೆ ಉಳಿದವರ ಅಡಚಣೆ ಇದ್ದಲ್ಲಿಯೇ ಇತ್ತು. ಔಷಧ ಮುಂದುವರಿಸಿದವರಲ್ಲಿಯೂ, ಹೊಸದಾಗಿ ಆರಂಭಿಸಿದವರಲ್ಲಿಯೂ ಅದು ಗಣನೀಯವಾಗಿ ಇಳಿದಿತ್ತು. ‘ಹಳ್ಳಿಯ ವಾತಾವರಣವೇ ಇವರನ್ನು ಗುಣಪಡಿಸುತ್ತದೆ, ಔಷಧ ಬೇಡ’ ಎಂಬ ಸಿಹಿ ಮಾತಿಗೆ ಅಡಿಕೆ ತೋಟಗಳ ನಡುವಿನಿಂದಲೇ ಬಂದ ಉತ್ತರ ಇದು.

ಇಲ್ಲಿ ಮುಖ್ಯವಾದುದು ಇನ್ನೊಂದಿದೆ. ಅವರು ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸಲಿಲ್ಲ. ಚಿಕಿತ್ಸೆ ಪಡೆಯದವರನ್ನೂ ವರ್ಷದ ಮೇಲೆ ಹುಡುಕಿಕೊಂಡು ಹೋದರು. ಸಾಮಾನ್ಯ ಚಿಕಿತ್ಸಾಲಯದಲ್ಲಿ ನಡೆಯುವುದು ಇದರ ವಿರುದ್ಧ. ಎರಡು ಸಲ ಬಂದು ಮೂರನೆಯ ಸಲ ಬಾರದ ಹುಡುಗನ ಕಡತ ಮುಚ್ಚಿಹೋಗುತ್ತದೆ. ಆತ ಗುಣವಾದ್ದರಿಂದ ಬರಲಿಲ್ಲವೋ, ಬಸ್ಸಿನ ಖರ್ಚಿಗೆ ಹಣವಿಲ್ಲದೆ ಬರಲಿಲ್ಲವೋ, ಔಷಧದಿಂದ ನಿದ್ದೆ ಹೆಚ್ಚಾಗಿ ಓದಲಾಗದೆ ಬಿಟ್ಟನೋ, ಅಥವಾ ನಾವು ಹೇಳಲು ಅಂಜುವ ಯಾವುದೋ ಕಾರಣವೋ! ಫಲಿತಾಂಶದ ಲೆಕ್ಕವೆಂದರೆ ಮೊದಲಿಗೆ ಬಾರದೆ ಹೋದವರ ಲೆಕ್ಕ. ಭದ್ರಾವತಿಯಿಂದ ಶಿವಮೊಗ್ಗೆಗೆ ಅರ್ಧ ದಿನದ ಕೂಲಿ ಬಿಟ್ಟು ಮಗನನ್ನು ಕರೆತರುವ ತಾಯಿಗೆ, ತಪ್ಪಿದ ಭೇಟಿಯ ಮರುದಿನ ಆಸ್ಪತ್ರೆಯಿಂದ ಬರುವ ಒಂದು ದೂರವಾಣಿ ಕರೆಯೂ ಚಿಕಿತ್ಸೆಯ ಭಾಗವೆಂದೇ ನಾವು ತಿಳಿಯುತ್ತೇವೆ.

ಒಳ್ಳೆಯ ಉದ್ದೇಶವೂ ಈ ಪರೀಕ್ಷೆಗೆ ಹೊರತಲ್ಲ. ಬಿಹಾರದ ನಳಂದಾ ಜಿಲ್ಲೆಯ 70ಕ್ಕೂ ಹೆಚ್ಚು ಸರ್ಕಾರಿ ಪ್ರೌಢಶಾಲೆಗಳಲ್ಲಿ ಮಕ್ಕಳ ಮನಃಸ್ಥಿತಿಯನ್ನು, ಶಾಲೆಯ ವಾತಾವರಣವನ್ನು ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಎರಡು ರೀತಿಯಲ್ಲಿ ನಡೆಸಿ ನೋಡಲಾಯಿತು. ಕೆಲವೆಡೆ ಅದಕ್ಕೆಂದೇ ನೇಮಿಸಿದ, ವೈದ್ಯರಲ್ಲದ ಸಮಾಲೋಚಕರು ನಡೆಸಿದರು. ಕೆಲವೆಡೆ ಶಾಲೆಯ ಶಿಕ್ಷಕರೇ ನಡೆಸಿದರು. ಸಮಾಲೋಚಕರಿದ್ದ ಶಾಲೆಗಳಲ್ಲಿ ಖಿನ್ನತೆ, ಹಿಂಸೆ, ಪೀಡನೆಗಳು ಇಳಿದವು. ಶಿಕ್ಷಕರು ನಡೆಸಿದ ಕಡೆ ಪರಿಣಾಮವೇ ಕಾಣಲಿಲ್ಲ. ಅಳೆಯದೆ ಇದ್ದಿದ್ದರೆ ಎರಡನೆಯದನ್ನೇ ಆರಿಸಿಕೊಳ್ಳುತ್ತಿದ್ದರು, ಏಕೆಂದರೆ ಅದಕ್ಕೆ ಖರ್ಚು ಕಡಿಮೆ.

ನಮ್ಮಂಥ ಧಾರ್ಮಿಕ ವಾತಾವರಣದವರಿಗೆ ಇನ್ನಷ್ಟು ಹತ್ತಿರದ ಸಂಗತಿಯೊಂದಿದೆ. ಬ್ರಿಟನ್ನಿನ 85 ಶಾಲೆಗಳಲ್ಲಿ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳೊಡನೆ, ಧ್ಯಾನಮೂಲದ ಮನೋಜಾಗೃತಿಯ ಪಾಠಗಳನ್ನು ನಡೆಸಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂದಿನ ಪಾಠಗಳಿಗಿಂತ ಅವು ಮಕ್ಕಳ ಖಿನ್ನತೆಯನ್ನು ಹೆಚ್ಚು ತಡೆಯಲಿಲ್ಲ. ಇದನ್ನು ಈ ಪುಟದಲ್ಲಿ ಬರೆಯಬೇಕೇ ಎಂದು ಕೆಲವರಿಗೆ ಅನಿಸಬಹುದು. ಬರೆಯಲೇಬೇಕು. ಇಷ್ಟಲಿಂಗ ಪೂಜೆಗೆ, ಶಿವಯೋಗಕ್ಕೆ ಬೇರೆಯದೇ ಆದ ಅರ್ಥ ಮತ್ತು ಗುರಿಗಳಿವೆ. ಅವುಗಳನ್ನು ಖಿನ್ನತೆಯ ಗುಳಿಗೆಯಂತೆ ಹಂಚುವುದು ಪೂಜೆಗೂ ಗೌರವವಲ್ಲ, ಮಗುವಿಗೂ ನ್ಯಾಯವಲ್ಲ. ಗುರುಗಳ ಆಶೀರ್ವಾದ ಪಡೆದು ಧೈರ್ಯ ತಂದುಕೊಂಡ ಕುಟುಂಬ ಅದೇ ಧೈರ್ಯದಿಂದ ವೈದ್ಯರ ಬಳಿಗೂ ಹೋಗಲಿ.

ಲೆಕ್ಕದ ವಿಷಯದಲ್ಲಿ ಇರುವ ಆಕ್ಷೇಪಗಳನ್ನು ನಾವು ತಳ್ಳಿಹಾಕುವುದಿಲ್ಲ. ಅಂಕಿಗಳನ್ನು ಚೆನ್ನಾಗಿ ತೋರಿಸಬೇಕೆಂದರೆ ಸುಲಭದ ರೋಗಿಗಳನ್ನಷ್ಟೇ ಸೇರಿಸಿಕೊಂಡು ಕಠಿಣವಾದವರನ್ನು ಬೇರೆಡೆಗೆ ಕಳುಹಿಸುವ ಚಾಳಿ ಹುಟ್ಟಬಹುದು. ಆದಕಾರಣ ಆಸ್ಪತ್ರೆಗಳಿಗೆ ಪರೀಕ್ಷೆಯ ಫಲಿತಾಂಶದಂತೆ ರ‍್ಯಾಂಕು ಕೊಡುವುದಕ್ಕೆ ನಮ್ಮ ಸಮ್ಮತಿಯಿಲ್ಲ. ಲೆಕ್ಕ ಇರಬೇಕಾದುದು ಈ ಮಗುವಿನ ಚಿಕಿತ್ಸೆಯನ್ನು ಸಕಾಲದಲ್ಲಿ ಬದಲಿಸಲು. ಗೌಪ್ಯತೆಯ ಭಯವೂ ನಿಜ. ಸಂಬಂಧ ಕುದುರಿಸುವ ಹೊತ್ತಿಗೆ ಹಳೆಯ ಕಡತ ಹೊರಬಂದರೆ ಎಂಬ ಚಿಂತೆ ಹೆಣ್ಣು ಹೆತ್ತವರನ್ನು ಕಾಡುತ್ತದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯು ಚಿಕಿತ್ಸೆಯ ಮಾಹಿತಿಯನ್ನು ಗೌಪ್ಯವಾಗಿಡಿಸಿಕೊಳ್ಳುವ ಹಕ್ಕನ್ನು ರೋಗಿಗೆ ಕೊಟ್ಟಿದೆ ಎಂಬುದನ್ನು ಅವರು ತಿಳಿದಿರಲಿ.

ಅಳೆಯುವ ಸಾಧನ ದೊಡ್ಡದೇನಲ್ಲ. ಖಿನ್ನತೆಗೆ ಬಳಸುವ ಪಿ.ಎಚ್.ಕ್ಯೂ.-9 ಎಂಬುದು ಒಂದು ಪುಟದ ಪ್ರಶ್ನಾವಳಿ. ಹದಿಹರೆಯದವರಿಗೆ ಹೊಂದಿಸಿದ ರೂಪವೂ ಉಂಟು. ಕಳೆದ ಎರಡು ವಾರಗಳಲ್ಲಿ ನಿದ್ದೆ, ಹಸಿವು, ಉತ್ಸಾಹ, ಏಕಾಗ್ರತೆ ಮುಂತಾದವು ಹೇಗಿದ್ದವು ಎಂಬ ಒಂಬತ್ತು ಪ್ರಶ್ನೆಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ಮೊದಲ ದಿನ 18 ಇದ್ದುದು ಆರು ವಾರಗಳಲ್ಲಿ 8ಕ್ಕೆ ಇಳಿದರೆ ದಾರಿ ಸರಿಯಿದೆ. 17ರಲ್ಲಿಯೇ ನಿಂತಿದ್ದರೆ ಅದೇ ಔಷಧವನ್ನು, ಅದೇ ಉಪದೇಶವನ್ನು ಇನ್ನೂ ಆರು ತಿಂಗಳು ಮುಂದುವರಿಸುವುದೇಕೆ? ಈ ಪ್ರಶ್ನಾವಳಿಯಿಂದ ಮನೆಯಲ್ಲಿಯೇ ರೋಗ ನಿರ್ಣಯಿಸಲು ಹೊರಡಬಾರದು. ಅದು ವೈದ್ಯರ ಕೆಲಸ. ಒಂಬತ್ತನೆಯ ಪ್ರಶ್ನೆ ಸಾವಿನ, ಸ್ವಯಂಹಾನಿಯ ಯೋಚನೆಗೆ ಸಂಬಂಧಿಸಿದ್ದು. ಅಲ್ಲಿ ‘ಹೌದು’ ಎಂಬ ಉತ್ತರ ಬಂದರೆ ಒಟ್ಟು ಅಂಕ ಎಷ್ಟೇ ಇರಲಿ, ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

ತಂದೆ ತಾಯಿಗಳು ವೈದ್ಯರನ್ನು ವಿನಯದಿಂದಲೇ ಕೇಳಬಹುದು: ಈ ಚಿಕಿತ್ಸೆ ಇಂಥ ವಯಸ್ಸಿನವರಲ್ಲಿ ಪರೀಕ್ಷೆಗೆ ಒಳಪಟ್ಟಿದೆಯೇ? ಎಷ್ಟು ವಾರಗಳಲ್ಲಿ ಏನು ಬದಲಾಗಬೇಕು? ಬದಲಾಗದಿದ್ದರೆ ಮುಂದೇನು? ಒಳ್ಳೆಯ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಉತ್ತರ ಕೊಡುವ ಹೊತ್ತು ಅವರಿಗಿರಬೇಕಷ್ಟೆ. ಸಾಲಿನಲ್ಲಿ ಎಂಬತ್ತು ಮಂದಿ ಕಾಯುತ್ತಿರುವಾಗ ಅದೂ ಸುಲಭವಲ್ಲ. ಆ ಪುಟವನ್ನು ತುಂಬಿಸಿಕೊಳ್ಳುವ ಒಬ್ಬ ಸಹಾಯಕರನ್ನು ತಾಲ್ಲೂಕು ಆಸ್ಪತ್ರೆಗೆ ಒದಗಿಸುವಂತೆ ನಮ್ಮ ಜನಪ್ರತಿನಿಧಿಗಳನ್ನು ಕೇಳುವುದು, ಹೊಸ ಕಟ್ಟಡಕ್ಕೆ ಬೇಡಿಕೆ ಇಡುವುದಕ್ಕಿಂತ ಉಪಯುಕ್ತವೆಂದು ನಮಗೆ ತೋರುತ್ತದೆ.

ಮಠಮಾನ್ಯಗಳ ವಿದ್ಯಾರ್ಥಿನಿಲಯಗಳಲ್ಲಿ ಇದನ್ನು ಇಂದೇ ಆರಂಭಿಸಬಹುದು. ಚಿಕಿತ್ಸೆಯಲ್ಲಿರುವ ವಿದ್ಯಾರ್ಥಿಯ ಮುಂದಿನ ಭೇಟಿಯ ದಿನಾಂಕವನ್ನು, ಅವನ ಒಪ್ಪಿಗೆ ಪಡೆದು, ನಿಲಯಪಾಲಕರೊಬ್ಬರೇ ಬೀಗವಿರುವ ಕಪಾಟಿನ ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಆ ದಿನ ಅವನು ಹೋಗಿ ಬಂದನೇ ಎಂದು ಸಂಜೆಯ ಪ್ರಸಾದದ ವೇಳೆಗೆ ಏಕಾಂತದಲ್ಲಿ ವಿಚಾರಿಸಲಿ. ರಾತ್ರಿ ಹೊತ್ತಿನಲ್ಲಿ ಯಾರಿಗೂ ಹೇಳಲಾಗದ ಸಂಕಟ ಬಂದಾಗ ಮಾತನಾಡಲು 14416 ಎಂಬ ಟೆಲಿ-ಮಾನಸ್ ಸಂಖ್ಯೆ ಇದೆ. ಅದು ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಉತ್ತರಿಸುತ್ತಾರೆ. ಆ ಸಂಖ್ಯೆಯನ್ನು ನಿಲಯದ ಸೂಚನಾ ಫಲಕದಲ್ಲಿ ಪ್ರಾರ್ಥನೆಯ ವೇಳಾಪಟ್ಟಿಯ ಪಕ್ಕದಲ್ಲಿಯೇ ಬರೆಯಿಸಬೇಕೆಂದು ನಿಲಯಪಾಲಕರಲ್ಲಿ ಕೋರುತ್ತೇವೆ.